ಮಾರ್ಮನ್ ಗೆಳೆಯರೊಬ್ಬರು ಚರ್ಚ್ ಬಿಟ್ಟೆನೆಂದು ಹೇಳಿದಾಗ ಕೇಳಿಸಿಕೊಳ್ಳುವ ಬಗೆ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯಲ್ಲಿಯೂ ಅದರ ದಕ್ಷಿಣದ ಲೀಹೈ ಕಡೆಯಲ್ಲಿಯೂ ಸಾಫ್ಟ್‌ವೇರ್ ಕೆಲಸದ ನಿಮಿತ್ತ ನೆಲೆಸಿರುವ ಕನ್ನಡಿಗರಿಗೆ ಈ ಸಂದರ್ಭ ಒಂದಲ್ಲ ಒಂದು ದಿನ ಎದುರಾಗುತ್ತದೆ. ಐದಾರು ವರ್ಷ ಪಕ್ಕದ ಮೇಜಿನಲ್ಲಿ ಕುಳಿತಿದ್ದ, ಕಾಫಿಯನ್ನು ಒಮ್ಮೆಯೂ ಮುಟ್ಟದ, ಭಾನುವಾರ ಯಾವ ಕೆಲಸಕ್ಕೂ ಸಿಗದ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಕಾರಿನ ಬಳಿ ನಿಂತು, ತಾವು ಚರ್ಚ್ ಬಿಟ್ಟಿರುವುದಾಗಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಮ್ಮ ಬಾಯಿಂದ ಹೊರಡುವ ಮೊದಲ ಮಾತು ‘ಹೌದಾ, ಯಾಕೆ?’ ಎಂಬುದೇ ಆಗಿರುತ್ತದೆ. ಪ್ರಶ್ನೆಯಲ್ಲಿ ತಪ್ಪಿಲ್ಲ, ಅದನ್ನು ಕೇಳುವ ಸರದಿಯಲ್ಲಿ ತಪ್ಪಿದೆ. ಏಕೆ ಬಿಟ್ಟರು ಎಂಬುದು ಅರ್ಥವಾಗಬೇಕಾದರೆ, ಅವರು ಏನನ್ನು ಯಾವ ಬಗೆಯಲ್ಲಿ ನಂಬಿದ್ದರು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಆ ಕಣಿವೆಯಲ್ಲಿ ಕೆಲವು ವರ್ಷ ಬಾಳಿ, ಮೊದಮೊದಲು ತಪ್ಪು ಪ್ರಶ್ನೆಗಳನ್ನೇ ಕೇಳಿದವನಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಹೆಸರಿನ ವಿಚಾರವನ್ನು ಮೊದಲೇ ಮುಗಿಸಿಬಿಡೋಣ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಂಸ್ಥೆಯ ಪೂರ್ಣ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ‘ಮಾರ್ಮನ್’ ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರಾಗಿದ್ದು, ಅದನ್ನು ಬಳಸಬೇಡಿರೆಂದು ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಬಿಟ್ಟುಹೋದವರಲ್ಲಿ ಅನೇಕರು ತಮ್ಮನ್ನು ಇಂದಿಗೂ ‘ಮಾಜಿ ಮಾರ್ಮನ್’ ಎಂದೇ ಕರೆದುಕೊಳ್ಳುತ್ತಾರೆ. ಎದುರಿಗಿರುವವರು ಯಾವ ಹೆಸರು ಬಳಸುತ್ತಾರೋ ಅದನ್ನೇ ನೀವೂ ಬಳಸಿದರೆ ಸಾಕು. ಇದು ದೂರದೇಶದ ಸಂಗತಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ಇವರ ಮಿಷನ್ 1993ರಿಂದಲೇ ಇದೆ. ಭಾರತದ ಮೊದಲ ಮಾರ್ಮನ್ ಟೆಂಪಲ್, ಅಂದರೆ ವಾರದ ಸಭೆಯ ಚರ್ಚಿಗಿಂತ ಬೇರೆಯಾದ, ವಿಶೇಷ ವಿಧಿಗಳಿಗೆ ಮೀಸಲಾದ ಮಂದಿರ, ಬೆಂಗಳೂರಿನಲ್ಲಿ ಕಟ್ಟಲಾಗುವುದೆಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಭೂಮಿಪೂಜೆಗೆ ಸಮನಾದ ವಿಧಿಯೂ ನಡೆಯಿತು.

‘ಬಿಡುವುದು’ ಎಂದರೇನೆಂದು ತಿಳಿದುಕೊಳ್ಳಿ

ನಮ್ಮಲ್ಲಿ ಒಬ್ಬರು ಹತ್ತು ವರ್ಷ ದೇವಸ್ಥಾನದ ಕಡೆ ತಲೆಹಾಕದಿದ್ದರೂ ಅವರ ಹೆಸರನ್ನು ಯಾರೂ ಯಾವ ಪುಸ್ತಕದಿಂದಲೂ ಹೊಡೆದುಹಾಕುವುದಿಲ್ಲ, ಏಕೆಂದರೆ ಅಂಥ ಪುಸ್ತಕವೇ ಇಲ್ಲ. ಮಾರ್ಮನ್ನರಲ್ಲಿ ಅದು ಇದೆ. ಮಗುವಿಗೆ ಎಂಟು ವರ್ಷ ತುಂಬಿದಾಗ ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸುತ್ತಾರೆ, ಸದಸ್ಯತ್ವದ ದಾಖಲೆ ಜೀವಮಾನವಿಡೀ ಬೆನ್ನಹಿಂದೆ ಬರುತ್ತದೆ, ಮನೆ ಬದಲಾಯಿಸಿದರೆ ವಿಳಾಸಕ್ಕೆ ತಕ್ಕ ‘ವಾರ್ಡ್’ಗೆ, ಅಂದರೆ ಸ್ಥಳೀಯ ಸಭೆಗೆ, ಅದು ವರ್ಗವಾಗುತ್ತದೆ. ವಾರ್ಡಿನ ಬಿಷಪ್ ಸಂಬಳದ ಪಾದ್ರಿಯಲ್ಲ. ಆತ ದಂತವೈದ್ಯನೋ ಲೆಕ್ಕಪರಿಶೋಧಕನೋ ಆಗಿದ್ದು ಐದಾರು ವರ್ಷ ಈ ಹೊಣೆ ಹೊರುತ್ತಾನೆ. ಆದಾಯದ ಹತ್ತನೇ ಒಂದು ಭಾಗವನ್ನು ದಶಾಂಶವಾಗಿ ಕೊಡಬೇಕು, ಕೊಟ್ಟಿದ್ದೇನೆಂದು ವರ್ಷಕ್ಕೊಮ್ಮೆ ಬಿಷಪ್ಪನ ಎದುರು ಕುಳಿತು ಹೇಳಬೇಕು. ಟೆಂಪಲ್ಲಿನ ಒಳಗೆ ಹೋಗಲು ಎರಡು ವರ್ಷಕ್ಕೊಮ್ಮೆ ಸಂದರ್ಶನ ಮುಗಿಸಿ ಪಡೆಯುವ ಅನುಮತಿ ಚೀಟಿಯೊಂದಿದ್ದು, ಅದಿಲ್ಲದ ತಂದೆತಾಯಿಯರು ಟೆಂಪಲ್ಲಿನಲ್ಲಿ ನಡೆಯುವ ತಮ್ಮ ಸ್ವಂತ ಮಗಳ ಮದುವೆಯನ್ನೂ ಒಳಗೆ ಕುಳಿತು ನೋಡುವಂತಿಲ್ಲ.

ಹೀಗಿರುವಲ್ಲಿ ಒಬ್ಬರು ಹಿಂದೆ ಸರಿದರೆ ಅದು ಗುಟ್ಟಾಗಿ ಉಳಿಯುವುದು ಕಷ್ಟ. ಆದರೆ ‘ಬಿಟ್ಟೆ’ ಎಂಬ ಒಂದೇ ಮಾತಿನಲ್ಲಿ ಹಲವು ಸ್ಥಿತಿಗಳು ಅಡಗಿರುತ್ತವೆ. ಕೆಲವರು ಹೋಗುವುದನ್ನು ನಿಲ್ಲಿಸಿರುತ್ತಾರೆ, ಹೆಸರು ಮಾತ್ರ ದಾಖಲೆಯಲ್ಲಿರುತ್ತದೆ. ಕೆಲವರು ಪತ್ರ ಬರೆದು ವಿಧಿವತ್ತಾಗಿ ಸದಸ್ಯತ್ವ ತೊರೆದಿರುತ್ತಾರೆ. ಇನ್ನು ಕೆಲವರು ಹೆಂಡತಿಯ ಅಥವಾ ಗಂಡನ ಮನಸ್ಸು ನೋಯದಿರಲೆಂದು ಪ್ರತಿ ಭಾನುವಾರ ಟೈ ಕಟ್ಟಿಕೊಂಡು ಹೋಗಿ ಬೆಂಚಿನ ಮೇಲೆ ಕುಳಿತು ಬರುತ್ತಾರೆ, ನಂಬಿಕೆ ಮಾತ್ರ ಎಂದೋ ಎದ್ದುಹೋಗಿರುತ್ತದೆ. ಇದರಲ್ಲಿ ತಮ್ಮದು ಯಾವುದೆಂದು ಅವರೇ ಹೇಳುವವರೆಗೆ ಕಾಯಿರಿ.

ನಂಬಿಕೆ ಹುಟ್ಟಿದ ಕಥೆಯನ್ನು ಮೊದಲು ಕೇಳಿ

ಮಾರ್ಮನ್ನರ ಮಾತಿನಲ್ಲಿ ಕಿವಿಗೆ ಬೀಳುವ ಮೊದಲ ವಿಶೇಷವೆಂದರೆ ‘ನಂಬುತ್ತೇನೆ’ ಎಂಬ ಕ್ರಿಯಾಪದಕ್ಕಿಂತ ‘ಬಲ್ಲೆ’ ಎಂಬುದರ ಬಳಕೆ ಹೆಚ್ಚು. ಈ ಅರಿವು ಬರುವ ದಾರಿಯನ್ನು ಅವರ ಗ್ರಂಥವೇ ತೋರಿಸುತ್ತದೆ. 1830ರಲ್ಲಿ ಅಚ್ಚಾದ ಬುಕ್ ಆಫ್ ಮಾರ್ಮನ್‌ನ ಕೊನೆಯ ಅಧ್ಯಾಯದಲ್ಲಿ, ಓದಿದ್ದು ನಿಜವೋ ಅಲ್ಲವೋ ಎಂದು ನಿರ್ಮಲ ಮನಸ್ಸಿನಿಂದ ದೇವರನ್ನೇ ಕೇಳಬೇಕು, ಕೇಳಿದವರಿಗೆ ಪವಿತ್ರಾತ್ಮನ ಮೂಲಕ ಉತ್ತರ ಸಿಗುತ್ತದೆ ಎಂಬ ವಾಗ್ದಾನವಿದೆ. ಆ ಉತ್ತರ ಹೇಗಿರುತ್ತದೆಂಬುದಕ್ಕೆ 1829ರಲ್ಲಿ ಸ್ಮಿತ್‌ನ ಲಿಪಿಕಾರ ಆಲಿವರ್ ಕೌಡರಿಯನ್ನು ಉದ್ದೇಶಿಸಿ ಬಂದಿತೆನ್ನಲಾದ ದೈವವಾಣಿಯನ್ನು ಆಧಾರವಾಗಿ ಕೊಡುತ್ತಾರೆ. ಕೇಳಿದ್ದು ಸರಿಯಾಗಿದ್ದರೆ ಎದೆಯೊಳಗೆ ಉರಿಯಂಥ ಕಾವು ಏಳುತ್ತದೆ, ತಪ್ಪಾಗಿದ್ದರೆ ಬುದ್ಧಿಗೆ ಮಂಕು ಕವಿಯುತ್ತದೆ ಎಂಬುದು ಅದರ ತಾತ್ಪರ್ಯ.

ಹೀಗೆ ಬಂದ ಅರಿವನ್ನು ಬಾಯಿಬಿಟ್ಟು ಹೇಳುವುದಕ್ಕೆ ‘ಸಾಕ್ಷ್ಯ ನುಡಿಯುವುದು’ ಎನ್ನುತ್ತಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರ ನಿಧಿಗೆ ಕೊಟ್ಟು ಸಭೆಯಲ್ಲಿ ಕೂಡುತ್ತಾರೆ. ಅಂದು ಉಪದೇಶಕರಿರುವುದಿಲ್ಲ, ಯಾರು ಬೇಕಾದರೂ ಎದ್ದು ಮೈಕಿನ ಮುಂದೆ ನಿಲ್ಲಬಹುದು. ನೆರೆಯವರ ಆಹ್ವಾನದ ಮೇಲೆ ನಾನು ಹೋಗಿದ್ದ ಒಂದು ಭಾನುವಾರ ನಾಲ್ಕು ವರ್ಷದ ಹುಡುಗಿಯೊಬ್ಬಳು ಮಣೆಯ ಮೇಲೆ ಹತ್ತಿ ನಿಂತಳು. ತಾಯಿ ಹಿಂದಿನಿಂದ ಬಾಗಿ ಕಿವಿಯಲ್ಲಿ ಒಂದೊಂದೇ ವಾಕ್ಯ ಉಸುರಿದಂತೆ, ಈ ಚರ್ಚ್ ಸತ್ಯವೆಂದು ನಾನು ಬಲ್ಲೆ, ಜೋಸೆಫ್ ಸ್ಮಿತ್ ಪ್ರವಾದಿಯೆಂದು ನಾನು ಬಲ್ಲೆ ಎಂದು ಮಗು ಒಪ್ಪಿಸಿತು. ಸಭೆಯಲ್ಲಿದ್ದ ಅಜ್ಜಿಯರ ಮುಖ ಅರಳಿತು. ನಮ್ಮ ಮನೆಗಳಲ್ಲಿ ಮಗು ‘ಶುಭಂ ಕರೋತಿ’ ಹೇಳಿದಾಗ ಅರಳುವ ಮುಖಗಳಂತೆಯೇ ಅವೂ ಇದ್ದವು. ವ್ಯತ್ಯಾಸವೊಂದಿತ್ತು, ನಮ್ಮ ಮಗು ಯಾವುದನ್ನೂ ‘ಬಲ್ಲೆ’ ಎಂದು ಪ್ರಮಾಣ ಮಾಡುವುದಿಲ್ಲ. ಸಾಕ್ಷ್ಯವು ದೊರಕುವುದೇ ಅದನ್ನು ನುಡಿಯುವುದರಲ್ಲಿ ಎಂದು ಹಿರಿಯ ನಾಯಕ ಬಾಯ್ಡ್ ಪ್ಯಾಕರ್ 1982ರ ಭಾಷಣವೊಂದರಲ್ಲಿ ಹೇಳಿದ್ದರು. ಭಕ್ತರಿಗೆ ಅದು ಆಳವಾದ ಆಧ್ಯಾತ್ಮಿಕ ಸತ್ಯ, ಬಿಟ್ಟುಹೋದವರಿಗೆ ಅದೇ ಮಾತು ತಮ್ಮನ್ನು ತಾವು ಒಪ್ಪಿಸಿಕೊಂಡ ಬಗೆಯ ವಿವರಣೆ. ಯುವಕರು ಎರಡು ವರ್ಷ, ಯುವತಿಯರು ಒಂದೂವರೆ ವರ್ಷ ಮಿಷನ್‌ಗೆ ಹೋಗಿ, ಗೊತ್ತಿಲ್ಲದ ಊರಿನ ಬಾಗಿಲುಗಳನ್ನು ತಟ್ಟಿ ಇದೇ ಸಾಕ್ಷ್ಯವನ್ನು ದಿನಕ್ಕೆ ಹತ್ತಾರು ಬಾರಿ ನುಡಿದು ಬಂದಿರುತ್ತಾರೆಂಬುದನ್ನೂ ನೆನಪಿಡಿ.

ಈ ಕಾವನ್ನು ಹಗುರವಾಗಿ ಕಾಣಬೇಡಿ. ದಾಸರ ಪದವೊಂದನ್ನು ಕೇಳುವಾಗ ಗಂಟಲು ಕಟ್ಟಿಬಂದ, ಮುಂಜಾನೆ ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ನಿಂತಾಗ ಮೈ ನವಿರೆದ್ದ ಯಾರಿಗೂ ಅದು ಅಪರಿಚಿತವಲ್ಲ. ನಮ್ಮಲ್ಲಿ ಅಂಥ ಕ್ಷಣಕ್ಕೆ ಯಾವ ಐತಿಹಾಸಿಕ ಸಂಗತಿಯನ್ನೂ ರುಜುವಾತುಪಡಿಸುವ ಹೊರೆಯಿರುವುದಿಲ್ಲ. ಅವರಲ್ಲಿ ಇದೆ. 1820ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾದ ಬಳಿಯ ತೋಪಿನಲ್ಲಿ ಹದಿನಾಲ್ಕರ ಹುಡುಗ ಜೋಸೆಫ್ ಸ್ಮಿತ್‌ಗೆ ದೇವರೂ ಯೇಸುವೂ ಕಾಣಿಸಿಕೊಂಡದ್ದು, ಬುಕ್ ಆಫ್ ಮಾರ್ಮನ್‌ನ ಮೂಲವೆನ್ನಲಾದ ಚಿನ್ನದ ತಗಡುಗಳು ನಿಜವಾಗಿಯೂ ಇದ್ದದ್ದು, ಇಂದಿನ ಅಧ್ಯಕ್ಷರು ಪ್ರವಾದಿಯಾಗಿರುವುದು, ಇವೆಲ್ಲಕ್ಕೂ ಆ ಎದೆಯ ಕಾವೇ ಪುರಾವೆ. ಒಂದು ನಿಜವಾದರೆ ಉಳಿದುವೂ ನಿಜವೆಂಬಂತೆ ಸರಪಳಿ ಹೆಣೆದುಕೊಂಡಿದೆ. ಚರ್ಚ್ ಒಂದೋ ಸತ್ಯ ಇಲ್ಲವೇ ವಂಚನೆ, ನಡುವಣ ನೆಲವಿಲ್ಲ ಎಂದು ಅಧ್ಯಕ್ಷ ಗಾರ್ಡನ್ ಹಿಂಕ್ಲಿ 2003ರಲ್ಲಿ ಹೇಳಿದ್ದು ಭಕ್ತರನ್ನು ಗಟ್ಟಿಮಾಡುವುದಕ್ಕೆ. ಒಂದು ಕೊಂಡಿ ಕಳಚಿದವರು ಇಡೀ ಸರಪಳಿಯನ್ನೇ ಕೆಳಗಿಡುವುದಕ್ಕೂ ಅದೇ ತರ್ಕ ಕಾರಣವಾಯಿತೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ‘ಇದು ನಿಜವೆಂದು ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?’ ಎಂಬುದು. ಉತ್ತರಗಳು ನೀವು ನೆನೆದಂತೆ ಇರುವುದಿಲ್ಲ. ಹದಿಹರೆಯದಿಂದ ರಾತ್ರಿಯೆಲ್ಲ ಮೊಣಕಾಲೂರಿ ಕೇಳಿದರೂ ಯಾವ ಉತ್ತರವೂ ಬರಲಿಲ್ಲ, ದೋಷ ತನ್ನಲ್ಲೇ ಇರಬೇಕೆಂದು ಹದಿನೈದು ವರ್ಷ ನಟಿಸಿದೆ ಎಂದು ಒಬ್ಬರು ಹೇಳಬಹುದು. ಉತ್ತರ ಸ್ಪಷ್ಟವಾಗಿ ಬಂದಿತ್ತು, ಆದರೆ ಮುಂದೊಮ್ಮೆ ಬೇರೆ ಮತದವರ ಪ್ರಾರ್ಥನೆಯಲ್ಲಿಯೂ ಒಂದು ಸಿನಿಮಾದ ಕೊನೆಯ ದೃಶ್ಯದಲ್ಲಿಯೂ ಅದೇ ಕಾವು ಬಂದಾಗ ಅಳತೆಗೋಲಿನ ಮೇಲೆಯೇ ಸಂಶಯ ಹುಟ್ಟಿತು ಎಂದು ಇನ್ನೊಬ್ಬರು ಹೇಳಬಹುದು. ನನ್ನನ್ನು ಬಹಳ ದಿನ ಕಾಡಿದ್ದು ಮೂರನೆಯ ಬಗೆ. ಬಿಡಲೇ ಬೇಡವೇ ಎಂಬುದನ್ನೂ ಅವರು ದೇವರನ್ನೇ ಕೇಳಿರುತ್ತಾರೆ, ಬಿಡು ಎಂಬ ಉತ್ತರವೂ ಅದೇ ನೆಮ್ಮದಿಯ ರೂಪದಲ್ಲಿ ಬಂದಿರುತ್ತದೆ. ಚರ್ಚ್ ಕಲಿಸಿದ ವಿಧಾನದಿಂದಲೇ ಚರ್ಚಿನಿಂದ ಹೊರಬಂದ ಇಂಥವರನ್ನು ನಂಬಿಕೆ ಕಳೆದುಕೊಂಡವರೆಂದು ಕರೆಯುವುದೇ ತಪ್ಪಾದೀತು.

ಕಾರಣ ಒಂದೇ ಎಂದುಕೊಳ್ಳಬೇಡಿ

ಮಾರ್ಮನ್ ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದ ಒಂದು ಕಥೆಯಿದೆ. ಚರ್ಚಿನ ಉನ್ನತ ನಾಯಕರಾದ ಹನ್ನೆರಡು ಅಪೊಸ್ತಲರಲ್ಲಿ ಅಗ್ರಸ್ಥಾನದಲ್ಲಿದ್ದ ಥಾಮಸ್ ಮಾರ್ಷ್ ಎಂಬಾತ 1838ರಲ್ಲಿ ಚರ್ಚ್ ಬಿಟ್ಟ. ಕಾರಣ, ಹಾಲು. ಮಾರ್ಷ್‌ನ ಹೆಂಡತಿಯೂ ನೆರೆಮನೆಯ ಹ್ಯಾರಿಸ್ ಎಂಬಾಕೆಯೂ ಗಿಣ್ಣದ ಗಡ್ಡೆ, ಅಂದರೆ ಚೀಸ್, ದೊಡ್ಡದಾಗಲೆಂದು ಹಾಲನ್ನು ಸರದಿಯಂತೆ ಒಟ್ಟುಗೂಡಿಸಲು ಒಪ್ಪಿಕೊಂಡಿದ್ದರು. ಕರೆಯುವಾಗ ಕೊನೆಗೆ ಬರುವ ಹಾಲನ್ನೂ ಸೇರಿಸಿ ಕಳುಹಿಸಬೇಕೆಂಬುದು ಕರಾರು. ಹಸು ಕರೆದು ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ, ಕೆನೆಯೆಲ್ಲ ಇರುವುದು ಆ ಕೊನೆಯ ಹಾಲಿನಲ್ಲಿ. ಮಾರ್ಷ್‌ನ ಹೆಂಡತಿ ಅದನ್ನು ಉಳಿಸಿಕೊಂಡಳೆಂದು ದೂರು ಹುಟ್ಟಿ, ಬಿಷಪ್ಪನಿಂದ ಮೇಲಿನ ಪೀಠದವರೆಗೂ ಪಂಚಾಯಿತಿ ನಡೆದು, ಎಲ್ಲೆಡೆಯೂ ತೀರ್ಪು ವಿರುದ್ಧವಾಗಿ ಬಂದು, ಮಾರ್ಷ್ ಮುನಿದು ಚರ್ಚನ್ನೇ ಬಿಟ್ಟನೆಂದು ಕಥೆ. ಸಣ್ಣ ಮುನಿಸಿಗೆ ದೊಡ್ಡದನ್ನು ಕಳೆದುಕೊಳ್ಳಬಾರದೆಂಬ ನೀತಿಗಾಗಿ ಇದನ್ನು ಹೇಳುತ್ತಾರೆ.

ಈ ಕಥೆಯನ್ನು ಇನ್ನೊಬ್ಬ ಅಪೊಸ್ತಲ ಜಾರ್ಜ್ ಎ. ಸ್ಮಿತ್ ಸಭೆಯಲ್ಲಿ ಹೇಳಿದ್ದು 1856ರಲ್ಲಿ, ಅಂದರೆ ಹದಿನೆಂಟು ವರ್ಷಗಳ ಮೇಲೆ. 1838ರ ಅಕ್ಟೋಬರ್‌ನಲ್ಲಿ ಮಿಸ್ಸೂರಿಯಲ್ಲಿ ಮಾರ್ಮನ್ನರಿಗೂ ನೆರೆಯವರಿಗೂ ನಡುವೆ ಸಶಸ್ತ್ರ ಘರ್ಷಣೆ ನಡೆಯುತ್ತಿತ್ತು. ಮಾರ್ಷ್ ಆಗ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯಲ್ಲಿದ್ದುದು ತನ್ನವರು ಎಸಗುತ್ತಿರುವ ಹಿಂಸೆಯ ಮೇಲಿನ ಆರೋಪ. ಹತ್ತೊಂಬತ್ತು ವರ್ಷಗಳ ನಂತರ, 1857ರಲ್ಲಿ, ಮುದಿಯಾಗಿ ಯೂಟಾಗೆ ಮರಳಿ ಕ್ಷಮೆ ಕೇಳಿದಾಗ ಪ್ರವಾದಿಯ ಮೇಲಿನ ಅಸೂಯೆಯೇ ತನ್ನನ್ನು ಕೆಡಿಸಿತೆಂದ. ಒಬ್ಬನೇ ಮನುಷ್ಯ ಬಿಟ್ಟದ್ದಕ್ಕೆ ಮೂರು ಕಾರಣಗಳು, ಹೇಳಿದವರೂ ಹೇಳಿದ ಕಾಲವೂ ಬೇರೆಬೇರೆ. ನಿಮ್ಮ ಗೆಳೆಯರು ಇಂದು ಹೇಳುವ ಕಾರಣ ಐದು ವರ್ಷದ ಮೇಲೆ ಬದಲಾದರೆ ಅವರನ್ನು ಸುಳ್ಳುಗಾರರೆನ್ನಬೇಡಿ.

ಬಿಟ್ಟವರು ಮುನಿದವರು, ಸೋಮಾರಿಗಳು ಅಥವಾ ಪಾಪದ ಆಸೆಗೆ ಬಿದ್ದವರು ಎಂಬ ಊಹೆ ಎಷ್ಟು ಬಳಕೆಯಲ್ಲಿತ್ತೆಂದರೆ, ಚರ್ಚಿನ ಉನ್ನತ ನಾಯಕರಲ್ಲೊಬ್ಬರಾದ ಡೀಟರ್ ಉಖ್ಟ್‌ಡಾರ್ಫ್ 2013ರ ಅಕ್ಟೋಬರ್ ಮಹಾಸಭೆಯಲ್ಲಿ ಅದು ಅಷ್ಟು ಸರಳವಲ್ಲವೆಂದು ಬಹಿರಂಗವಾಗಿ ಹೇಳಬೇಕಾಯಿತು. ಅದೇ ಭಾಷಣದಲ್ಲಿ ಅವರು, ನಂಬಿಕೆಯನ್ನು ಸಂಶಯಿಸುವ ಮೊದಲು ನಿಮ್ಮ ಸಂಶಯಗಳನ್ನು ಸಂಶಯಿಸಿರಿ ಎಂದೂ ಕೇಳಿಕೊಂಡರು.

ಆ ವರ್ಷಗಳಲ್ಲಿ ಚರ್ಚಿನೊಳಗೆ ಇನ್ನೊಂದು ಬೆಳವಣಿಗೆ ನಡೆದಿತ್ತು. 2013ರಿಂದ 2015ರವರೆಗೆ ಚರ್ಚ್ ತನ್ನ ಇತಿಹಾಸದ ಕ್ಲಿಷ್ಟ ವಿಷಯಗಳ ಮೇಲೆ ಪ್ರಬಂಧಗಳನ್ನು ತಾನೇ ಪ್ರಕಟಿಸಿತು. ಬುಕ್ ಆಫ್ ಮಾರ್ಮನ್ ಅನುವಾದಿಸುವಾಗ ಸ್ಮಿತ್ ಟೋಪಿಯೊಳಗೆ ಕಲ್ಲೊಂದನ್ನಿಟ್ಟು ಮುಖವನ್ನು ಅದರಲ್ಲಿ ಹುದುಗಿಸುತ್ತಿದ್ದ, 1835ರಲ್ಲಿ ಕೊಂಡ ಈಜಿಪ್ಟಿನ ಪಪೈರಸ್‌ಗಳಲ್ಲಿ ಉಳಿದಿರುವ ತುಣುಕುಗಳ ಬರಹಕ್ಕೂ ಅವುಗಳಿಂದ ಬಂದಿತೆನ್ನಲಾದ, ಚರ್ಚಿನ ಪವಿತ್ರ ಗ್ರಂಥಗಳಲ್ಲೊಂದಾದ ಅಬ್ರಹಾಮನ ಗ್ರಂಥಕ್ಕೂ ಹೊಂದಿಕೆಯಿಲ್ಲ, ಸ್ಮಿತ್‌ಗೆ ಎಚ್ಚರಿಕೆಯ ಅಂದಾಜಿನಂತೆ 30ರಿಂದ 40 ಹೆಂಡಿರಿದ್ದರು, ಅವರಲ್ಲೊಬ್ಬಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ ಎಂಬ ಸಂಗತಿಗಳನ್ನು ಅನೇಕ ಸದಸ್ಯರು ಮೊದಲಬಾರಿಗೆ ಓದಿದರು. ಇಲ್ಲಿ ಕೇಳುಗರು ಎಡವುವ ಜಾಗವೊಂದಿದೆ. ಬಹುಪತ್ನಿತ್ವವೇ ಅವರನ್ನು ಕೆರಳಿಸಿತೆಂದು ನಾವು ತಿಳಿಯುತ್ತೇವೆ. ಆದರೆ ಮಾತು ಮುಂದುವರಿದಂತೆ ನೋವಿನ ಮೂಲ ಬೇರೆ ಕಡೆ ಇರುವುದು ಕಾಣುತ್ತದೆ. ಎರಡು ವರ್ಷ ಬೀದಿ ಬೀದಿ ಅಲೆದು ಬೇರೆಯವರಿಗೆ ಕಲಿಸಿದ ಕಥೆಯಲ್ಲಿ ಇದ್ಯಾವುದೂ ಇರಲಿಲ್ಲ, ಕೇಳಿದವರಿಗೆ ಇದು ವಿರೋಧಿಗಳ ಅಪಪ್ರಚಾರವೆಂದು ತಾನೇ ಉತ್ತರ ಕೊಟ್ಟಿದ್ದೆ ಎಂಬ ಅವಮಾನ ಅದು. ಯುರೋಪಿನಲ್ಲಿ ಚರ್ಚಿನ ದೊಡ್ಡ ಹುದ್ದೆಯಲ್ಲಿದ್ದ ಸ್ವೀಡನ್ನಿನ ಹಾನ್ಸ್ ಮ್ಯಾಟ್ಸನ್ 2013ರಲ್ಲಿ ತನ್ನ ಸಂಶಯಗಳನ್ನು ಪತ್ರಿಕೆಯ ಮುಂದೆ ಹೇಳಿಕೊಂಡಾಗ ಕೇಳಿಬಂದದ್ದೂ ಇಂಥದೇ ದನಿ. ಇದೇ ಇತಿಹಾಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ, ಸ್ಮಿತ್‌ನ ಜೀವನವನ್ನೇ ಬರೆದ ಇತಿಹಾಸಕಾರ ರಿಚರ್ಡ್ ಬುಶ್‌ಮನ್ ನಂಬಿಕೆಯುಳ್ಳ ಸದಸ್ಯರಾಗಿಯೇ ಉಳಿದಿದ್ದಾರೆ. ಸಂಗತಿಗಳು ಒಂದೇ ಆಗಿದ್ದರೂ ಅವು ಎಲ್ಲರನ್ನೂ ಒಂದೇ ಕಡೆಗೆ ನೂಕುವುದಿಲ್ಲ.

ಇನ್ನುಳಿದ ಕಾರಣಗಳನ್ನು ಪತ್ರಿಕೆ ಓದುವವರು ಬಲ್ಲರು. 1978ರ ತನಕ ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯ ನಿರಾಕರಿಸಿದ್ದುದು, ಮಹಿಳೆಯರಿಗೆ ಇಂದಿಗೂ ಅದಿಲ್ಲದಿರುವುದು, ಸಲಿಂಗ ದಂಪತಿಗಳ ಮಕ್ಕಳಿಗೆ ದೀಕ್ಷೆ ಇಲ್ಲವೆಂದು 2015ರಲ್ಲಿ ತಂದ ನಿಯಮವನ್ನು 2019ರಲ್ಲಿ ಹಿಂತೆಗೆದುಕೊಂಡದ್ದು, ಹೂಡಿಕೆಗಳ ವಿವರ ಮರೆಮಾಚಿದ ಪ್ರಕರಣದಲ್ಲಿ 2023ರಲ್ಲಿ ಚರ್ಚೂ ಅದರ ಹೂಡಿಕೆ ಸಂಸ್ಥೆಯೂ ಸೇರಿ 50 ಲಕ್ಷ ಡಾಲರ್ ದಂಡ ಕಟ್ಟಿದ್ದು, ಹೀಗೆ. ಬಿಟ್ಟವರಲ್ಲಿ ಪ್ರಚಲಿತವಾದ ಮಾತೊಂದಿದೆ, ಉತ್ತರ ಸಿಗದ ಪ್ರಶ್ನೆಯನ್ನು ಕಪಾಟಿನ ಹಲಗೆಯ ಮೇಲೆ ಎತ್ತಿಡುತ್ತ ಬಂದೆ, ಒಂದು ದಿನ ಹಲಗೆಯೇ ಮುರಿಯಿತು ಎಂದು. ನಾವು ಬೇಡದ್ದನ್ನು ಅಟ್ಟಕ್ಕೆ ಹಾಕುವಂತೆಯೇ ಅದು. ಕೊನೆಯಲ್ಲಿ ಇಟ್ಟ ವಸ್ತು ಚಿಕ್ಕದಾಗಿರಬಹುದು, ಮುರಿದದ್ದು ಅದೊಂದರ ಭಾರಕ್ಕಲ್ಲ. ಮಾರ್ಮನ್ನರಾಗಿ ಬೆಳೆದವರಲ್ಲಿ ದೊಡ್ಡವರಾದ ಮೇಲೂ ಹಾಗೆಯೇ ಗುರುತಿಸಿಕೊಳ್ಳುವವರು 2007ರಲ್ಲಿ ಶೇಕಡ 70, 2014ರಲ್ಲಿ ಶೇಕಡ 64 ಎಂದು ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳು ಲೆಕ್ಕಹಾಕಿವೆ.

ಆಡಬಾರದ ಮಾತುಗಳು, ಕಾಯಬೇಕಾದ ಗುಟ್ಟುಗಳು

ಚಿನ್ನದ ತಗಡು, ಟೆಂಪಲ್ಲಿನ ವಿಧಿ ಮುಗಿಸಿದವರು ಧರಿಸುವ ಒಳಉಡುಪು ಮೊದಲಾದವನ್ನು ಎತ್ತಿಕೊಂಡು ನಗಬೇಡಿ. ಅವರೇ ನಕ್ಕರೂ ಜೊತೆಗೂಡಬೇಡಿ, ತಾಯಿಯನ್ನು ಮಗ ಬೈದಾಗ ನೆಂಟರು ದನಿಗೂಡಿಸಿದರೆ ಏನಾಗುತ್ತದೆಂದು ನಮಗೆ ಗೊತ್ತಿದೆ. ‘ಅಷ್ಟು ಓದಿದವರು ಇದನ್ನು ಹೇಗೆ ನಂಬಿದ್ದಿರಿ’ ಎಂಬುದು ಮೆಚ್ಚುಗೆಯಂತೆ ಕಂಡರೂ ಬೈಗುಳವೇ ಸರಿ. ಬಹುಪತ್ನಿತ್ವವನ್ನು ಚರ್ಚ್ 1890ರ ಪ್ರಕಟಣೆಯೊಂದಿಗೆ ಕೈಬಿಡತೊಡಗಿತು, ಇಂದು ಅದನ್ನು ಆಚರಿಸುವವರು ಬೇರೆಯೇ ಪಂಗಡದವರು. ಆ ಪ್ರಶ್ನೆಯನ್ನು ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ನಮ್ಮವರು ವಿಶೇಷವಾಗಿ ಮಾಡುವ ತಪ್ಪೊಂದುಂಟು, ‘ನಮ್ಮಲ್ಲಿ ಇಂಥ ಕಟ್ಟುಪಾಡುಗಳಿಲ್ಲ, ಒಮ್ಮೆ ನಮ್ಮ ದೇವಸ್ಥಾನಕ್ಕೆ ಬನ್ನಿ’ ಎಂದು ಕರೆಯುವುದು. ಒಂದು ಮನೆಯಿಂದ ಹೊರಬಂದವರಿಗೆ ಹೊಸ್ತಿಲಲ್ಲೇ ಇನ್ನೊಂದು ಮನೆಯ ಬಾಗಿಲು ತೋರಿಸುವುದು ಸೌಜನ್ಯವಲ್ಲ. ಬಹಿಷ್ಕಾರದ ಚರಿತ್ರೆ ನಮ್ಮ ಹಳ್ಳಿಗಳಿಗೂ ಇರುವುದರಿಂದ ಆ ಹೆಗ್ಗಳಿಕೆಯೂ ನಿಲ್ಲುವುದಿಲ್ಲ.

ಮನೆಯವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟೆಂಪಲ್ಲಿನಲ್ಲಿ ‘ಮುದ್ರೆ’ ಬಿದ್ದ ಕುಟುಂಬ ಸಾವಿನ ಆಚೆಗೂ ಒಟ್ಟಿಗಿರುತ್ತದೆಂಬುದು ಅವರ ಬೋಧನೆಯ ತಿರುಳು. ಮಗ ಬಿಟ್ಟನೆಂದರೆ ಆ ತಾಯಿಗೆ ಅನಂತಕಾಲದ ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಾದಂತೆ. ಅವಳ ಅಳುವಿನಲ್ಲಿ ಹಟವೂ ಇರಬಹುದು, ಆದರೆ ಭಯ ನಿಜವಾದದ್ದು. ನಿಮ್ಮ ಬಳಿ ಹೇಳಿಕೊಳ್ಳುವವರು ಆ ತಾಯಿಯೇ ಆಗಿದ್ದರೂ ಕೇಳುವ ಕ್ರಮ ಇದೇ, ಅವರ ನಂಬಿಕೆ ಹುಟ್ಟಿದ ಕಥೆಯಿಂದಲೇ ಮೊದಲುಮಾಡಿ.

ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಿ. ಯೂಟಾದ ಕಚೇರಿಯಲ್ಲಿ ನಿಮ್ಮ ಮೇಲಧಿಕಾರಿಯೇ ಅವರ ವಾರ್ಡಿನ ಬಿಷಪ್ ಆಗಿರುವುದು, ಅವರ ಮಾವನ ನೆರೆಯವರೇ ನಿಮ್ಮ ಮನೆಯ ಒಡೆಯರಾಗಿರುವುದು ಅಪರೂಪವಲ್ಲ. ಹೆಂಡತಿಗೆ ಇನ್ನೂ ಹೇಳದೆ ನಿಮಗೆ ಮೊದಲು ಹೇಳಿರುವ ಸಾಧ್ಯತೆಯೂ ಇದೆ, ಏಕೆಂದರೆ ಹೊರಗಿನವರ ಎದುರು ಬಾಯಿಬಿಡುವುದು ಸುಲಭ. ವಿಧಿವತ್ತಾಗಿ ರಾಜೀನಾಮೆ ಕೊಡಲೇ ಎಂದು ಕೇಳಿದರೆ ಸಲಹೆ ಕೊಡಲು ಹೋಗಬೇಡಿ. ಪತ್ರ ಅಂಗೀಕಾರವಾದರೆ ದೀಕ್ಷೆಯೂ ಮುದ್ರೆಯೂ ರದ್ದಾದಂತೆ, ಮರಳಬೇಕೆನಿಸಿದರೆ ಹೊಸದಾಗಿ ದೀಕ್ಷಾಸ್ನಾನವಾಗಬೇಕು. ಮಾರ್ಷ್‌ಗೂ ಮರಳಿ ಬಂದಾಗ ಹಾಗೆಯೇ ಆಯಿತು.

ಕೊನೆಯದಾಗಿ ಕಾಫಿಯ ವಿಷಯ. 1833ರ ಆರೋಗ್ಯ ನಿಯಮದಂತೆ ಕಾಫಿ, ಚಹಾ, ಮದ್ಯ, ತಂಬಾಕು ಮಾರ್ಮನ್ನರಿಗೆ ನಿಷಿದ್ಧ. ಚರ್ಚ್ ಬಿಟ್ಟವರು ಮನೆಗೆ ಬಂದಾಗ ಫಿಲ್ಟರ್ ಕಾಫಿಯನ್ನು ಏನೋ ಪ್ರಶಸ್ತಿ ಕೊಡುವಂತೆ ಮುಂದಿಡುವ ಉತ್ಸಾಹ ನಮ್ಮವರಿಗೆ ಸಹಜ, ನಾನೂ ಲೋಟ ಬಟ್ಟಲು ಹೊರತೆಗೆದಿದ್ದೆ. ನನ್ನ ಹೆಂಡತಿ ಮಾತ್ರ ಯಾವ ಅತಿಥಿಯನ್ನಾದರೂ ಕೇಳುವ ಹಾಗೆ ‘ಕಾಫಿಯೋ, ಬಾದಾಮಿ ಹಾಲೋ?’ ಎಂದು ಕೇಳಿದಳು. ಆತ ಒಂದು ಕ್ಷಣ ಯೋಚಿಸಿ, ಕಾಫಿಯನ್ನು ಎರಡು ಬಾರಿ ಪ್ರಯತ್ನಿಸಿದೆ, ಬರೀ ಕಹಿ, ಹಾಲೇ ಇರಲಿ ಎಂದ.